ಕಣಿವೆಯಲ್ಲಿ ಮೂರು ಗಂಟೆ ಇಪ್ಪತ್ತು ನಿಮಿಷ

ಆ ಚಿತ್ರವನ್ನು ಯಾರೂ ತೆಗೆದಿರಬಾರದಿತ್ತು. ಆದರೂ ಅದು ಜರ್ಮನಿಯ ಬಾನ್ ನಗರದ ಬೊಯೆಲ್ ಟ್ರಾಮ್ ನಿಲ್ದಾಣದ ಗಾಜಿನ ಹಿಂದೆ, ಆಳೆತ್ತರದ ಪೋಸ್ಟರ್ ಆಗಿ ನಿಂತಿತ್ತು.

ಜೆಸಿಂತಾ ಮಸ್ಕರೇನಸ್ ತರಕಾರಿ ಚೀಲ ಕೆಳಗಿಟ್ಟು ಕನ್ನಡಕ ಒರೆಸಿಕೊಂಡರು. ಮತ್ತೆ ನೋಡಿದರು. ಮುಗಿಲಿಗೆ ಮುಟ್ಟಿದ ಕೆಂಪು ಬಂಡೆಯ ಗೋಡೆ. ಅದರ ಬುಡದಲ್ಲಿ ಒಣಗಿದ ಹೊಳೆ. ಎಡ ಮೂಲೆಯಲ್ಲಿ ಮಣ್ಣು ಮೆತ್ತಿದ ದುಂಡನೆಯ ಮನೆ, ನಾಲ್ಕು ಪೀಚ್ ಮರ. ಮರಳಿನ ಮೇಲೆ ನೆಟ್ಟಗೆ ನಿಂತ ಒಬ್ಬ ಮುದುಕಿ.

ಕೆಳಗೆ ದಪ್ಪ ಅಕ್ಷರ: ‘ಕಲ್ಲಿನ ಕಣಿವೆ. ಬೊಯೆಲ್ ಛಾಯಾಚಿತ್ರ ಸಂಘದ ಪ್ರದರ್ಶನ. ಉದ್ಘಾಟನೆ ಶನಿವಾರ ಹನ್ನೊಂದಕ್ಕೆ.’

ಅಂದು ಗುರುವಾರ. ಜೆಸಿಂತಾ ನಿಂತಲ್ಲಿಂದಲೇ ಸಂಘದ ಅಧ್ಯಕ್ಷರಿಗೆ ಫೋನ್ ಮಾಡಿದರು.

“ಹೆರ್ ಕ್ರೇಮರ್, ಪೋಸ್ಟರ್‌ನಲ್ಲಿ ಇರುವುದು ಲೊರೇನ್ ಅವರ ತಾಯಿ!”

“ಹೌದೆ?” ಆ ಕಡೆಯ ದನಿ ತಣ್ಣಗಿತ್ತು. “ನಾನು ಬಂಡೆಯನ್ನಷ್ಟೇ ನೋಡಿದೆ.”

“ಇದು ಯಾರು ತೆಗೆದ ಚಿತ್ರ?”

“ಎಲ್ಲರ ಚಿತ್ರಗಳಿರುವ ಫೋಲ್ಡರಿನಿಂದ ಆರಿಸಿದ್ದು. ವಿಚಾರಿಸುತ್ತೇನೆ.”

ಜೆಸಿಂತಾ ಮಂಗಳೂರಿನ ಬೆಂದೂರಿನವರು. ಮೂವತ್ತಾರು ವರ್ಷ ಇಲ್ಲಿಯ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು, ನಿವೃತ್ತಿಯ ಮೇಲೆ ಕ್ಯಾಮೆರಾ ಹಿಡಿದವರು. ಕಳೆದ ಸೆಪ್ಟೆಂಬರಿನಲ್ಲಿ ಅವರೂ ಕ್ರೇಮರ್ ಅವರೂ ಸೇರಿ ಸಂಘದ ನಾಲ್ವರು ಅಮೆರಿಕದ ಅರಿಜೋನಾ ಮರುಭೂಮಿಗೆ ಹೋಗಿದ್ದರು. ಅಲ್ಲಿ ನವಾಹೋ ಜನರ ನೆಲದಲ್ಲಿ ಈ ಕಣಿವೆ. ಅವರದೇ ಮಾರ್ಗದರ್ಶಕರಿಲ್ಲದೆ ಕೆಳಗಿಳಿಯುವಂತಿಲ್ಲ. ಮಾರ್ಗದರ್ಶಕಿ ಲೊರೇನ್, ಇಳಿಯುವ ಮೊದಲು ಎರಡೂ ಜೀಪಿನವರನ್ನು ಕಣಿವೆಯ ಬಾಯಲ್ಲೇ ನಿಲ್ಲಿಸಿ ಹೇಳಿದ್ದಳು: “ಬಂಡೆ ತೆಗೆಯಿರಿ, ಆಕಾಶ ತೆಗೆಯಿರಿ. ಆಚೆ ತಿರುವಿನಲ್ಲಿ ನನ್ನ ತಾಯಿಯ ಮನೆ ಇದೆ. ಮನೆಯನ್ನೂ ಅವಳನ್ನೂ ತೆಗೆಯಬೇಡಿ. ನಮ್ಮನ್ನು ಕೇಳದೆ ನಮ್ಮ ಚಿತ್ರ ತೆಗೆದವರು ಈಗಾಗಲೇ ಬೇಕಾದಷ್ಟು ಮಂದಿ ಇದ್ದಾರೆ.”

ನಾಲ್ವರೂ ಮಾತು ಕೊಟ್ಟಿದ್ದರು. ತಿರುವು ಬಂದಾಗ ಜೆಸಿಂತಾ ಕ್ಯಾಮೆರಾವನ್ನು ಚೀಲಕ್ಕೆ ಹಾಕಿ ಜಿಪ್ ಎಳೆದಿದ್ದರು. ಮುದುಕಿ ಕೈಯೆತ್ತಿದಾಗ ತಾವೂ ಕೈಯೆತ್ತಿದ್ದರು.

ಮಧ್ಯಾಹ್ನ ಮೂರರ ಹೊತ್ತಿಗೆ ಇ-ಮೇಲಿನಲ್ಲಿ ಲೊರೇನ್‌ಳ ಪತ್ರ ನಾಲ್ವರಿಗೂ ಬಂತು. ಪೋಸ್ಟರ್ ಅವಳಿಗೆ ಇಂಟರ್ನೆಟ್ಟಿನಲ್ಲಿ ಕಂಡಿತ್ತು. ‘ನನ್ನ ತಾಯಿಗೆ ಎಂಬತ್ತನಾಲ್ಕು. ನೀವು ನನ್ನ ಕಣ್ಣಲ್ಲಿ ಕಣ್ಣಿಟ್ಟು ಮಾತು ಕೊಟ್ಟಿರಿ. ನಿಮ್ಮಲ್ಲಿ ಯಾರು?’

ಸಂಜೆಗೆ ಕ್ರೇಮರ್ ಅವರ ಪತ್ರವೂ ಬಂತು. ‘ವಿಚಾರಣೆ ಮುಗಿದಿದೆ. ಚಿತ್ರವು ಫ್ರೌ ಮಸ್ಕರೇನಸ್ ಅವರ ಫೋಲ್ಡರಿನಲ್ಲಿತ್ತು. ಇದರೊಂದಿಗಿರುವ ಕ್ಷಮಾಪಣೆಗೆ ಅವರು ಶನಿವಾರ ಹತ್ತು ಗಂಟೆಯೊಳಗೆ ಸಹಿ ಹಾಕತಕ್ಕದ್ದು. ತಪ್ಪಿದಲ್ಲಿ ಅವರ ಚಿತ್ರಗಳನ್ನು ಗೋಡೆಯಿಂದ ಇಳಿಸಿ ಅವರನ್ನು ಸಂಘದಿಂದ ತೆಗೆಯಲಾಗುವುದು.’

ಜೆಸಿಂತಾ ಓದಿ ಮುಗಿಸಿ ಲ್ಯಾಪ್‌ಟಾಪನ್ನು ಪಟ್ಟನೆ ಮುಚ್ಚಿದರು.

“ನಾನು ಸೈನ್ ಹಾಕುವುದಿಲ್ಲ!”

ಒಲೆಯ ಮುಂದೆ ಉಪ್ಪಿಟ್ಟು ಕೆದಕುತ್ತಿದ್ದ ನಿಶ್ಚಿತಾ ತಿರುಗಿ ನೋಡಿದಳು. ತಿಪಟೂರಿನ ಹುಡುಗಿ. ಬಾನ್ ವಿಶ್ವವಿದ್ಯಾಲಯದಲ್ಲಿ ಭೂಮಾಪನ ಓದುತ್ತ, ಜೆಸಿಂತಾರ ಮನೆಯ ಹಿಂದಿನ ಕೋಣೆಯಲ್ಲಿ ಎರಡು ವರ್ಷದಿಂದ ಬಾಡಿಗೆಗಿದ್ದಳು.

“ಏನಾಯ್ತು ಆಂಟಿ?”

ಜೆಸಿಂತಾ ಎಲ್ಲವನ್ನೂ ಹೇಳಿದರು. ನಿಶ್ಚಿತಾ ಉರಿ ಆರಿಸಿ ಎದುರು ಕುಳಿತಳು.

“ಒಂದು ಮಾತು ನೇರವಾಗಿ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೀವು ತೆಗ್ದಿಲ್ಲ ತಾನೆ?”

“ಎಂತ ಮಾರಾಯ್ತಿ, ನೀನೂ ಕೇಳ್ತೀಯಾ? ಆ ಅಜ್ಜಿ ನನಗೆ ಕೈ ಬೀಸಿದ್ದಾರೆ. ಅವರಿಗೆ ಮೋಸ ಮಾಡ್ಲಿಕ್ಕುಂಟಾ?”

“ಸರಿ, ಇನ್ನು ಕೇಳಲ್ಲ. ಫೈಲ್ ತೋರ್ಸಿ.”

ಸಂಘದ ಆನ್‌ಲೈನ್ ಸಂಗ್ರಹದಲ್ಲಿ ಫೈಲ್ ಜೆಸಿಂತಾರ ಹೆಸರಿನ ಫೋಲ್ಡರಿನಲ್ಲೇ ಇತ್ತು. ನಿಶ್ಚಿತಾ ಅದರ ವಿವರಗಳನ್ನು ತೆರೆದಳು. ಕ್ಯಾಮೆರಾ ಯಾವುದು? ಖಾಲಿ. ಲೆನ್ಸ್ ಯಾವುದು? ಖಾಲಿ. ಉಳಿದಿದ್ದು ಒಂದೇ ಸಾಲು: ಸೆಪ್ಟೆಂಬರ್ ಹದಿನೈದು, ಮಧ್ಯಾಹ್ನ ಮೂರು ಇಪ್ಪತ್ತು.

“ಮೂರು ಇಪ್ಪತ್ತಕ್ಕೆ ಕಣಿವೆಯಲ್ಲಿ ಯಾರ್ಯಾರಿದ್ರಿ?”

“ನಾನು ಮತ್ತು ಅನೂಪ್. ಮೊದಲ ಜೀಪಿನಲ್ಲಿ ನಾವಿಬ್ಬರೇ. ನಾಲ್ಕಕ್ಕೆ ಮೇಲೆ ಬಂದೆವು.”

“ಉಳಿದಿಬ್ರು?”

“ಕ್ರೇಮರ್ ಮತ್ತು ಉಲ್ರಿಕೆ ಎರಡನೆಯದ್ರಲ್ಲಿ. ಅದು ಲೊರೇನ್‌ಳ ತಮ್ಮನ ಜೀಪ್. ನಾವು ಮೇಲೆ ಬಂದ ಮೇಲೆಯೇ ಅವರು ಇಳಿದದ್ದು. ನಾನೇ ಟಾಟಾ ಮಾಡಿದ್ದೇನೆ.”

ಹೇಳುತ್ತ ಹೇಳುತ್ತ ಜೆಸಿಂತಾರ ದನಿ ಇಳಿಯಿತು. ಮೂರು ಇಪ್ಪತ್ತಕ್ಕೆ ಕೆಳಗಿದ್ದವರು ಇಬ್ಬರೇ. ತಾನಲ್ಲದಿದ್ದರೆ—ಅನೂಪ್?

ಅನೂಪ್ ಬೆಂಗಳೂರಿನವನು, ಬಾನ್‌ನಲ್ಲೇ ಸಾಫ್ಟ್‌ವೇರ್ ಕೆಲಸ. ಶುಕ್ರವಾರ ಬೆಳಿಗ್ಗೆ ಕರೆದ ಕೂಡಲೇ ಬಂದ. ಬಂದವನೇ ರಾಜಿಯ ಮಾತೆತ್ತಿದ.

“ಆಂಟಿ, ಸುಮ್ನೆ ‘ಸಾರಿ’ ಅಂತ ಹೇಳಿ ಮುಗಿಸ್ಬಿಡಿ. ಅಧ್ಯಕ್ಷರ ಜೊತೆ ಯಾಕೆ ಜಗಳ? ಹೊರಗಡೆಯವ್ರು ನಾವು...”

“ಯಾರು ಹೊರಗಿನವರು?” ಜೆಸಿಂತಾ ಸಿಡಿದರು. “ಈ ಊರಿನ ಅರ್ಧ ಮುದುಕರಿಗೆ ಇಂಜೆಕ್ಷನ್ ಚುಚ್ಚಿದವಳು ನಾನು! ಮಾಡದ ತಪ್ಪು ಒಪ್ಪಿಕೊಂಡು ಕೂರುವುದಾದ್ರೆ ನನಗೆ ಊರೇ ಬೇಡ!”

ನಿಶ್ಚಿತಾ ಕಾಫಿ ಮುಂದಿಟ್ಟಳು. “ಅನೂಪ್, ಆವತ್ತು ಕಣಿವೆಲಿ ನೀವು ಆಂಟಿನ ಬಿಟ್ಟು ಎಲ್ಲಾದ್ರೂ ಹೋಗಿದ್ರಾ?”

ಅವನ ಕೈ ಲೋಟದ ಮೇಲೆ ನಿಂತಿತು. “ಹತ್ತು ನಿಮಿಷ... ಬಂಡೆ ಹಿಂದೆ.”

“ಎಷ್ಟು ಗಂಟೆಗೆ?”

“ಮೂರೂಕಾಲು ಇರ್ಬೋದು.”

“ಯಾಕೆ?”

“ನೀರು ಜಾಸ್ತಿ ಕುಡ್ದಿದ್ದೆ ಗುರು!” ಅನೂಪ್‌ನ ಮುಖ ಕೆಂಪಾಯಿತು. “ಬೇರೆಯವ್ರ ಜಾಗದಲ್ಲಿ ಹಾಗೆ ಮಾಡೋಕೆ ನಾಚಿಕೆ ಆಯ್ತು. ಅದ್ಕೇ ಯಾರಿಗೂ ಹೇಳ್ಲಿಲ್ಲ. ಕ್ಯಾಮೆರಾ ಜೀಪಲ್ಲೇ ಇತ್ತು, ಲೊರೇನ್‌ನ ಕೇಳಿ ಬೇಕಾದ್ರೆ.”

ಜೆಸಿಂತಾಗೆ ನಗು ಬಂತು. ಆದರೆ ಅದು ನಗುವ ಹೊತ್ತಲ್ಲ. ಕ್ಯಾಮೆರಾ ಜೀಪಿನಲ್ಲಿತ್ತು ಎನ್ನುವುದು ಅವರಿಗೂ ನೆನಪಿತ್ತು. ಹಾಗಾದರೆ ಕೆಳಗಿದ್ದ ಇಬ್ಬರೂ ತೆಗೆದಿಲ್ಲ. ಮತ್ತೆ ಯಾರು?

ನಿಶ್ಚಿತಾ ಆಗಲೇ ಚಿತ್ರವನ್ನು ತೆರೆಯ ತುಂಬ ದೊಡ್ಡದು ಮಾಡಿ, ಪ್ಲಾಸ್ಟಿಕ್ ಸ್ಕೇಲ್ ಹಿಡಿದು ಕುಳಿತಿದ್ದಳು.

“ಆಂಟಿ, ಅಜ್ಜಿ ನಿಂತಿರೋ ಜಾಗ ಸಮ ಇದ್ಯಾ? ಇಳಿಜಾರಾ?”

“ಸಮ. ಹೊಳೆಯ ಮರಳಲ್ವಾ, ಚಾಪೆ ಹಾಸಿದ ಹಾಗೆ ಉಂಟು.”

“ನೆರಳು ಅಡ್ಡಡ್ಡ ಬಲಕ್ಕೆ ಬಿದ್ದಿದೆ. ಒಳ್ಳೇದಾಯ್ತು.” ಅವಳು ಅಳೆದಳು. “ಅಜ್ಜಿ ಇಪ್ಪತ್ತೆರಡು ಮಿಲಿಮೀಟರ್. ನೆರಳು ಮೂವತ್ತೊಂದು.”

“ಅದ್ರಿಂದ ಎಂತ?”

“ಸೂರ್ಯ ಎಷ್ಟು ಹೊತ್ತಿಗೆ ಎಷ್ಟು ಎತ್ತರದಲ್ಲಿರ್ತಾನೆ ಅಂತ ಲೆಕ್ಕ ಮಾಡೋದೇ ನಮ್ಮ ಓದು ಆಂಟಿ.” ಅವಳು ಕಣಿವೆಯ ಜಾಗ, ತಾರೀಕು, ಗಂಟೆ ಕೊಟ್ಟು ಲೆಕ್ಕ ಹಾಕಿದಳು. “ಆ ದಿನ ಅಲ್ಲಿ ಮೂರು ಇಪ್ಪತ್ತಕ್ಕೆ ಅಜ್ಜಿ ನೆರಳು ಅಜ್ಜಿಯಷ್ಟೇ ಉದ್ದ ಇರ್ಬೇಕು. ಇಲ್ಲಿ ಹತ್ತತ್ರ ಒಂದೂವರೆಯಷ್ಟಿದೆ. ಅಂದ್ರೆ ಸೂರ್ಯ ಇನ್ನೂ ಇಳ್ದಿದ್ದಾನೆ.”

“ಅಂದ್ರೆ ಎಷ್ಟು ಗಂಟೆ?”

“ನಾಲ್ಕು ಇಪ್ಪತ್ತು. ಐದು ನಿಮಿಷ ಆಚೀಚೆ.”

ಜೆಸಿಂತಾ ಕುರ್ಚಿಯಿಂದ ಎದ್ದೇಬಿಟ್ಟರು. “ನಾಲ್ಕು ಇಪ್ಪತ್ತಕ್ಕೆ ನಾವು ಮೇಲಿದ್ದೆವು! ಲೊರೇನ್‌ಳ ಚೀಟಿ ಉಂಟು ನನ್ನ ಹತ್ರ, ‘ಮರಳಿದ್ದು ನಾಲ್ಕು’ ಅಂತ!”

“ಆದ್ರೆ ಫೈಲ್ ಮೂರು ಇಪ್ಪತ್ತು ಅಂತಿದ್ಯಲ್ಲ?” ಎಂದ ಅನೂಪ್.

“ಹೂಂ. ಸರಿಯಾಗಿ ಒಂದೇ ಗಂಟೆ ಹಿಂದೆ. ಕೆಟ್ಟ ಗಡಿಯಾರ ಅಷ್ಟು ಸರಿಯಾಗಿ ತಪ್ಪಲ್ಲ.” ನಿಶ್ಚಿತಾ ಜಾಕೆಟ್ ಹಾಕಿಕೊಂಡಳು. “ನಡೀರಿ, ಹಾಲ್‌ಗೆ ಹೋಗೋಣ.”

ಪ್ರದರ್ಶನದ ಸಭಾಂಗಣದಲ್ಲಿ ಉಲ್ರಿಕೆ ಏಣಿಯ ಮೇಲೆ ನಿಂತು ಚೌಕಟ್ಟು ಸರಿಪಡಿಸುತ್ತಿದ್ದರು. ಶಾಲೆಯ ಟೀಚರ್, ಜೆಸಿಂತಾರ ವಯಸ್ಸಿನವರೇ. ಜೆಸಿಂತಾರನ್ನು ಕಂಡು ಕೆಳಗಿಳಿದರು, ಆದರೆ ಮಾಮೂಲಿನಂತೆ ಅಪ್ಪಿಕೊಳ್ಳಲಿಲ್ಲ.

“ಒಂದೆರಡು ಪ್ರಶ್ನೆ ಕೇಳಬಹುದೆ?” ಎಂದಳು ನಿಶ್ಚಿತಾ. “ನೀವು ಆ ದಿನ ಯಾವ ಕ್ಯಾಮೆರಾ ಒಯ್ದಿದ್ದಿರಿ?”

“ನನ್ನ ತಂದೆಯದ್ದು. ಫಿಲ್ಮ್ ಹಾಕುವ ಹಳೆಯ ಕ್ಯಾಮೆರಾ. ಬೇರೆ ನನ್ನ ಬಳಿ ಇಲ್ಲ.”

“ಎರಡನೆಯ ಜೀಪ್ ಹೊರಡಬೇಕಾಗಿದ್ದು ಎಷ್ಟು ಗಂಟೆಗೆ?”

“ಮೂರಕ್ಕೆ. ಹೊರಟಿದ್ದು ನಾಲ್ಕು ದಾಟಿದ ಮೇಲೆ. ಡೀಟ್ಮಾರ್ ಕ್ರೇಮರ್ ಬೇರೆ ಕಾರಿನಲ್ಲಿ ಒಬ್ಬರೇ ಬಂದರು, ಒಂದು ಗಂಟೆ ತಡ. ಇಪ್ಪತ್ತು ವರ್ಷದಲ್ಲಿ ಅವರು ತಡವಾಗಿದ್ದು ಅದೊಂದೇ ಸಲ! ನಾವು ಇನ್ನೂ ಅದನ್ನು ಹೇಳಿ ನಗುತ್ತೇವೆ.”

“ಯಾಕೆ ತಡವಾಯಿತಂತೆ?”

“ಟೈರ್ ಪಂಕ್ಚರ್. ತಾವೇ ಚಕ್ರ ಬದಲಿಸಿದರಂತೆ.”

“ಅವರು ಯಾವ ಅಂಗಿ ಹಾಕಿದ್ದರು?”

“ಬಿಳಿ. ಯಾವಾಗಲೂ ಬಿಳಿಯೇ.”

“ಕೊಳೆಯಾಗಿತ್ತೆ?”

ಉಲ್ರಿಕೆ ನೆನಪಿಸಿಕೊಂಡರು. ಆ ಕೆಂಪು ಧೂಳು ಒಂದು ಸಲ ಬಟ್ಟೆಗೆ ಹತ್ತಿದರೆ ಮೂರು ಒಗೆತಕ್ಕೂ ಹೋಗದು.

“ಇಲ್ಲ,” ಎಂದರು ಮೆಲ್ಲಗೆ. “ಇಸ್ತ್ರಿ ಕೂಡ ಮುರಿದಿರಲಿಲ್ಲ.”

ನಿಶ್ಚಿತಾ ಗೋಡೆಯುದ್ದಕ್ಕೂ ನಡೆದಳು. ಪ್ರತಿ ಚಿತ್ರದ ಕೆಳಗೂ ಒಂದು ಚೀಟಿ: ತೆಗೆದವರ ಹೆಸರು, ದಿನ, ಗಂಟೆ, ನಿಮಿಷ. ಗಂಟೆ ಬರೆಯದ ಚಿತ್ರವನ್ನು ಗೋಡೆಗೇರಿಸಬಾರದು ಎಂಬುದು ಕ್ರೇಮರ್ ಮಾಡಿದ ನಿಯಮ. ಒಂದು ಕಡೆ ಅವಳು ನಿಂತಳು. ಎರಡು ಹೆಜ್ಜೆ ಮುಂದೆ ಹೋದಳು. ಮತ್ತೆ ಹಿಂದೆ ಬಂದಳು. ಫೋನ್ ತೆಗೆದು ಎರಡು ಚೀಟಿಗಳ ಫೋಟೋ ಹಿಡಿದಳು.

“ಎಂತ ಸಿಕ್ಕಿತು?” ಜೆಸಿಂತಾ ಕಿವಿಯ ಬಳಿ ಕೇಳಿದರು.

“ಸಿಕ್ತು ಆಂಟಿ. ಆದ್ರೆ ಇದನ್ನ ಅವ್ರ ಮುಂದೇನೇ ಹೇಳ್ಬೇಕು. ಈಗ ಹೇಳಿದ್ರೆ ನಾಳೆ ಹೊತ್ತಿಗೆ ಚೀಟಿ ಬದಲಾಗಿರುತ್ತೆ.”

ಸಂಜೆ ಆರಕ್ಕೆ ಜೆಸಿಂತಾ ಲೊರೇನ್‌ಳಿಗೆ ಫೋನ್ ಮಾಡಿದರು. ಅಲ್ಲಿ ಬೆಳಿಗ್ಗೆ ಹತ್ತು ಗಂಟೆ. ಲೊರೇನ್ ಬೈಯಲಿಲ್ಲ, ಅದೇ ಹೆಚ್ಚು ಚುಚ್ಚಿತು.

“ನಾನಲ್ಲ ಎನ್ನುತ್ತೀಯ. ನಾಲ್ವರೂ ಅದನ್ನೇ ಬರೆದಿದ್ದಾರೆ. ನಿನ್ನನ್ನು ನಂಬುವುದಕ್ಕೆ ನನಗೊಂದು ಕಾರಣ ಕೊಡು.”

“ನಾಳೆ ಕೊಡುತ್ತೇನೆ,” ಎಂದರು ಜೆಸಿಂತಾ.

ಫೋನಿಟ್ಟ ಮೇಲೆ, ಪ್ರಿಂಟ್ ತೆಗೆದಿಟ್ಟಿದ್ದ ಕ್ಷಮಾಪಣೆಯ ಹಾಳೆಯನ್ನು ಅವರು ಮತ್ತೊಮ್ಮೆ ಓದಿದರು. ಸಹಿ ಹಾಕಿದರೆ ಎಲ್ಲ ಮುಗಿಯುತ್ತದೆ. ಸಂಘ ಉಳಿಯುತ್ತದೆ, ಬುಧವಾರದ ಸಂಜೆಗಳು ಉಳಿಯುತ್ತವೆ, ಗಂಡ ಪೀಟರ್ ತೀರಿಕೊಂಡ ಮೇಲೆ ಆ ಬುಧವಾರಗಳೇ ಅವರನ್ನು ಎಬ್ಬಿಸಿ ನಿಲ್ಲಿಸಿದ್ದವು. ಅವರು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕುಂಟುತ್ತಿದ್ದ ಊಟದ ಮೇಜಿನ ಕಾಲಡಿಗೆ ಸಿಕ್ಕಿಸಿದರು. ಮೇಜು ಸರಿಯಾಗಿ ನಿಂತಿತು.

ಶನಿವಾರ ಹತ್ತು ಗಂಟೆ. ಡೀಟ್ಮಾರ್ ಕ್ರೇಮರ್ ಸಭಾಂಗಣದ ನಡುವೆ, ಬಿಳಿ ಅಂಗಿಯಲ್ಲಿ, ಕಡತ ಹಿಡಿದು ನಿಂತಿದ್ದರು. ಉಲ್ರಿಕೆ ಮತ್ತು ಅನೂಪ್ ಪಕ್ಕದಲ್ಲಿ. ಸಂಘದ ಇನ್ನೂ ಹತ್ತು ಹನ್ನೆರಡು ಜನ ಕುರ್ಚಿಗಳಲ್ಲಿ.

“ಫ್ರೌ ಮಸ್ಕರೇನಸ್, ಸಹಿ ತಂದಿರಾ?”

“ಇಲ್ಲ.”

“ಹಾಗಾದರೆ ವಿಷಾದದಿಂದ—”

“ವಿಷಾದ ಆಮೇಲೆ ಪಡಿ. ಮೊದಲು ಈ ಹುಡುಗಿಯ ಮಾತು ಕೇಳಿ.”

“ಆಕೆ ಸಂಘದ ಸದಸ್ಯೆಯಲ್ಲ.”

“ನಾನು ಸದಸ್ಯೆ. ಹೊರಹಾಕುವ ತನಕ ಸದಸ್ಯೆ. ನನ್ನ ಪರವಾಗಿ ಅವಳು ಮಾತಾಡುತ್ತಾಳೆ.” ಜೆಸಿಂತಾ ಬಾಗಿಲಿಗೆ ಅಡ್ಡವಾಗಿ ಒಂದು ಕುರ್ಚಿ ಎಳೆದುಕೊಂಡು ಕುಳಿತರು. “ಅಲ್ಲಿಯವರೆಗೆ ನಾನು ಏಳುವುದಿಲ್ಲ.”

ನಿಶ್ಚಿತಾ ಮುಂದೆ ಬಂದಳು. ಅವಳ ಜರ್ಮನ್ ಅಲ್ಲಲ್ಲಿ ಕುಂಟುತ್ತಿತ್ತು, ಲೆಕ್ಕ ಕುಂಟಲಿಲ್ಲ. ನೆರಳನ್ನು ಗೋಡೆಯ ಮೇಲೆ ತೋರಿಸಿದಳು. ಸ್ಕೇಲ್ ತೋರಿಸಿದಳು. ಚಿತ್ರ ತೆಗೆದದ್ದು ನಾಲ್ಕು ಇಪ್ಪತ್ತಕ್ಕೆ, ಆಗ ಜೆಸಿಂತಾ ಕಣಿವೆಯಲ್ಲೇ ಇರಲಿಲ್ಲ ಎಂದಳು.

“ಫೈಲ್ ಮೂರು ಇಪ್ಪತ್ತು ಎನ್ನುತ್ತದೆ,” ಎಂದರು ಕ್ರೇಮರ್. “ನೆರಳಿನ ಆಟಕ್ಕಿಂತ ನನಗೆ ಗಡಿಯಾರದ ಮೇಲೆ ನಂಬಿಕೆ.”

“ನನಗೂ. ಹಾಗಾಗಿ ಗಡಿಯಾರದ ಮಾತನ್ನೇ ಆಡೋಣ.” ಅವಳು ಗೋಡೆಯ ಕಡೆ ನಡೆದಳು. “ಇದು ಅನೂಪ್ ತೆಗೆದ ಸೂರ್ಯಾಸ್ತ. ಕಣಿವೆಯ ಮೇಲಿನ ಅಂಚಿನಿಂದ. ಅದೇ ದಿನ. ಚೀಟಿ ಓದುತ್ತೀರಾ ಫ್ರೌ ಉಲ್ರಿಕೆ?”

“ಹತ್ತೊಂಬತ್ತು ಇಪ್ಪತ್ತು.”

“ಅದರಾಚೆಯದು?”

“ಅದೂ ಸೂರ್ಯಾಸ್ತ. ಅದೇ ಅಂಚು, ಅದೇ ದಿನ.” ಉಲ್ರಿಕೆ ಕನ್ನಡಕ ಏರಿಸಿದರು. “ಹದಿನೆಂಟು... ಹದಿನೆಂಟು ಇಪ್ಪತ್ತು?”

“ಒಂದೇ ಸೂರ್ಯ. ಒಂದೇ ಸಂಜೆ. ಅಕ್ಕಪಕ್ಕ ನಿಂತ ಇಬ್ಬರು. ಒಬ್ಬರಿಗೆ ಒಂದು ಗಂಟೆ ಮೊದಲೇ ಮುಳುಗಿತೆ? ಎರಡನೆಯ ಚಿತ್ರ ಯಾರದ್ದು?”

ಚೀಟಿಯಲ್ಲಿ ಹೆಸರಿತ್ತು: ಡೀಟ್ಮಾರ್ ಕ್ರೇಮರ್.

“ವಾರದಿಂದ ಈ ಗೋಡೆಯ ಮೇಲಿದೆ. ಎಲ್ಲರೂ ಸೂರ್ಯನನ್ನು ನೋಡಿದಿರಿ, ಚೀಟಿಯನ್ನು ಯಾರೂ ನೋಡಲಿಲ್ಲ. ಮಾರ್ಚ್ ಕೊನೆಯಿಂದ ಅಕ್ಟೋಬರ್‌ವರೆಗೆ ನಾವಿಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ಇಡುತ್ತೇವೆ. ಅರಿಜೋನಾದಲ್ಲಿ ಇಡುವುದಿಲ್ಲ. ಆದರೆ ಅದೇ ಅರಿಜೋನಾದೊಳಗಿನ ನವಾಹೋ ನೆಲದಲ್ಲಿ ಇಡುತ್ತಾರೆ. ಗಡಿ ದಾಟಿದರೆ ಒಂದು ಗಂಟೆ ಮುಂದೆ. ಅನೂಪ್ ಕ್ಯಾಮೆರಾಗೆ ಫೋನಿನಿಂದ ಸಮಯ ಬರುತ್ತದೆ, ತಾನೇ ಬದಲಾಯಿತು. ಹೆರ್ ಕ್ರೇಮರ್ ತಮ್ಮ ಕೈಗಡಿಯಾರ ನೋಡಿ ಕ್ಯಾಮೆರಾ ಸಮಯ ಹೊಂದಿಸುತ್ತಾರೆ. ಕೈಗಡಿಯಾರಕ್ಕೆ ಗಡಿ ಗೊತ್ತಿಲ್ಲ.”

“ಅದಕ್ಕೇ ತಡವಾಗಿದ್ದು!” ಉಲ್ರಿಕೆ ಉದ್ಗರಿಸಿದರು. “ಪಂಕ್ಚರ್ ಅಲ್ಲ!”

“ಅವರ ಲೆಕ್ಕದಲ್ಲಿ ಮೂರಕ್ಕೆ ಸರಿಯಾಗಿ ಬಂದಿದ್ದರು. ಅಲ್ಲಿ ನಾಲ್ಕಾಗಿತ್ತು. ಗಡಿಯಾರ ತಪ್ಪಿತು ಎನ್ನಲು ಅಭಿಮಾನ ಬಿಡಲಿಲ್ಲ. ಆ ದಿನ ಕಣಿವೆಗೆ ಹೋದ ಡಿಜಿಟಲ್ ಕ್ಯಾಮೆರಾಗಳಲ್ಲಿ ಹಿಂದುಳಿದ ಗಡಿಯಾರ ಒಂದರದ್ದೇ. ನಾಲ್ಕು ಇಪ್ಪತ್ತಕ್ಕೆ ಕೆಳಗಿದ್ದವರಲ್ಲಿ ಫ್ರೌ ಉಲ್ರಿಕೆಯದ್ದು ಫಿಲ್ಮ್ ಕ್ಯಾಮೆರಾ. ಇನ್ನುಳಿದವರು ಒಬ್ಬರು.” ನಿಶ್ಚಿತಾ ಕ್ರೇಮರ್ ಕಡೆ ತಿರುಗಿದಳು. “ಲೊರೇನ್ ಪತ್ರ ಬಂದ ಮೇಲೆ ನೀವು ಫೈಲನ್ನು ಆಂಟಿಯ ಫೋಲ್ಡರಿಗೆ ಹಾಕಿದಿರಿ. ಕ್ಯಾಮೆರಾ ಹೆಸರು ಅಳಿಸಿದಿರಿ, ಲೆನ್ಸ್ ಅಳಿಸಿದಿರಿ. ಸಮಯ ಮಾತ್ರ ಯಾಕೆ ಬಿಟ್ಟಿರಿ? ಮೂರು ಇಪ್ಪತ್ತಕ್ಕೆ ನೀವಿನ್ನೂ ಬಂದೇ ಇರಲಿಲ್ಲ ಎಂದು ಎಲ್ಲರಿಗೂ ಗೊತ್ತು. ಸಿಕ್ಕಿಬೀಳುವವರು ಆಂಟಿ ಮಾತ್ರ!”

ಸಭಾಂಗಣದಲ್ಲಿ ಯಾರೋ ಕುರ್ಚಿ ಸರಿಸಿದರು. ಕ್ರೇಮರ್ ಕಡತವನ್ನು ಮೇಜಿನ ಮೇಲಿಟ್ಟರು.

“ಉಲ್ರಿಕೆ ಆ ಕಡೆ ತಿರುಗಿದ್ದರು. ಒಂದೇ ಒಂದು ಕ್ಲಿಕ್,” ಎಂದರು ಕೊನೆಗೆ. “ಅದು ನನ್ನ ಬದುಕಿನ ಅತ್ಯುತ್ತಮ ಚಿತ್ರ. ಆ ಬೆಳಕು, ಆ ಬಂಡೆ, ಅಷ್ಟು ಚಿಕ್ಕದಾಗಿ ಒಬ್ಬ ಮುದುಕಿ. ನನ್ನ ಹೆಸರಿಲ್ಲದಿದ್ದರೂ ಚಿಂತೆಯಿಲ್ಲ, ಜನ ನೋಡಲಿ ಎಂದುಕೊಂಡೆ. ಎಂಟು ಸಾವಿರ ಕಿಲೋಮೀಟರ್ ದೂರದವರಿಗೆ ಬೊಯೆಲ್‌ನ ಒಂದು ಪೋಸ್ಟರ್‌ನಿಂದ ಏನು ನೋವು?”

ಜೆಸಿಂತಾ ಎದ್ದರು.

“ದೂರದವಳು ಅಂತ ಅವರ ಮನೆ ಕದ್ದಿರಿ. ಹತ್ತಿರದವಳು ಅಂತ ನನ್ನ ಹೆಸರು ಕದ್ದಿರಿ. ಇಬ್ಬರೂ ಬಾಯಿ ಮುಚ್ಚಿಕೊಂಡಿರುತ್ತೇವೆ ಎಂದುಕೊಂಡಿರಲ್ಲ, ಅಲ್ಲೇ ನೀವು ಕೆಟ್ಟಿರಿ.”

“ರಾಜೀನಾಮೆ ಕೊಡುತ್ತೇನೆ. ಸದ್ದಿಲ್ಲದೆ. ಇವತ್ತಿನ ಕಾರ್ಯಕ್ರಮ ಮುಗಿಯಲಿ—”

“ಸದ್ದು ನಾನು ಮಾಡುತ್ತೇನೆ.” ಜೆಸಿಂತಾ ಗಾಜಿನ ಬಾಗಿಲಿಗೆ ಅಂಟಿಸಿದ್ದ ಪೋಸ್ಟರನ್ನು ಮೇಲಿನಿಂದ ಕೆಳಗಿನವರೆಗೆ ಒಂದೇ ಎಳೆತಕ್ಕೆ ಕಿತ್ತರು. ಗಾಜಿನಾಚೆ ಉದ್ಘಾಟನೆಗೆ ಬಂದವರು ಕಣ್ಣರಳಿಸಿ ನೋಡುತ್ತಿದ್ದರು. “ಅನೂಪ್, ಟ್ರಾಮ್ ಸ್ಟಾಪಿನದ್ದೆಲ್ಲ ಇವತ್ತೇ ಇಳಿಯಬೇಕು. ಪೋಸ್ಟರ್ ಹಾಕಿದ ಕಂಪನಿಗೆ ಈಗಲೇ ಫೋನ್ ಮಾಡು.”

“ಮಾಡ್ದೆ ಆಂಟಿ!” ಅನೂಪ್ ಆಗಲೇ ಫೋನ್ ಕಿವಿಗಿಟ್ಟಿದ್ದ.

ಉಲ್ರಿಕೆ ಬಂದು ಜೆಸಿಂತಾರ ತೋಳು ಹಿಡಿದರು. “ನಾನು ನಿನ್ನನ್ನು ನಂಬಬೇಕಿತ್ತು.”

“ಬೇಕಿತ್ತು,” ಎಂದರು ಜೆಸಿಂತಾ. ಆದರೆ ಕೈ ಕೊಡವಲಿಲ್ಲ.

ಆಮೇಲೆ ಮೇಜಿನ ಮೇಲೆ ಒಂದು ಬಿಳಿ ಹಾಳೆ, ಪೆನ್ನು ಇಟ್ಟು ಕ್ರೇಮರ್ ಮುಂದೆ ನಿಂತರು.

“ಲೊರೇನ್‌ಗೆ ಬರೆಯಿರಿ. ಅವರ ತಾಯಿಗೂ. ನಿಮ್ಮ ಕೈಯಿಂದ.”

“ಆಫೀಸಿನಲ್ಲಿ ಟೈಪ್ ಮಾಡಿ ಸೋಮವಾರ—”

“ಇಲ್ಲೇ.”

“ಜನ ಕಾಯುತ್ತಿದ್ದಾರೆ, ಫ್ರೌ ಮಸ್ಕರೇನಸ್.”

“ಕಾಯಲಿ. ಮಾತ್ರೆ ನುಂಗುವವರೆಗೆ ರೋಗಿಯ ಹಾಸಿಗೆ ಬಿಟ್ಟು ಕದಲಿದವಳಲ್ಲ ನಾನು.”

ಕ್ರೇಮರ್ ಕುಳಿತರು. ಪೆನ್ನಿನ ಮುಚ್ಚಳ ತೆಗೆದರು. ಅಂದವಾದ ಅಕ್ಷರದಲ್ಲಿ ಮೊದಲ ಪದ ಬರೆದರು: ‘ನಾವು...’

ಜೆಸಿಂತಾ ಬಗ್ಗಿ ಆ ಪದದ ಮೇಲೆ ಬೆರಳಿಟ್ಟರು.

“ಹೊಡೆದುಹಾಕಿ. ‘ನಾನು’ ಅಂತ ಬರೆಯಿರಿ.”